ಹತ್ತು ಸಾವಿರ ಕೋಶಗಳ ಗಡ್ಡೆ: ಕ್ಯಾನ್ಸರಿನ ಮೊದಲ ಹಂತದ ಮ್ಯುಟೇಶನ್ ವೈವಿಧ್ಯವನ್ನು ಲ್ಯಾಪ್‌ಟಾಪಿನಲ್ಲೇ ಲೆಕ್ಕ ಹಾಕುವ ಬಗೆ

ಅಡಿಕೆ ಸೀಮೆಯಲ್ಲಿ ಕ್ಯಾನ್ಸರಿನ ಮಾತು ಬಂದರೆ ಅದು ಬಹುಬೇಗ ಬಾಯಿಯ ಕ್ಯಾನ್ಸರಿಗೆ ತಿರುಗುತ್ತದೆ. ತಂಬಾಕಿಲ್ಲದ ಕವಳವೂ (ಎಲೆಅಡಿಕೆ), ಬರೀ ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹೇಳಿದೆ. ಅದಕ್ಕೂ ಎಷ್ಟೋ ಮೊದಲು, 1953ರಲ್ಲಿ, ಸ್ಲಾಟರ್ ಮತ್ತು ಸಂಗಡಿಗರು ಬಾಯಿಯ ಗಡ್ಡೆಗಳನ್ನು ಪರೀಕ್ಷಿಸಿದಾಗ ಗಡ್ಡೆಯ ಸುತ್ತಲಿನ, ನೋಡಲು ಸರಿಯಾಗೇ ಇದ್ದ ಪದರವೂ ಕೆಟ್ಟಿರುವುದನ್ನು ಕಂಡರು. ಅಂದರೆ ಗಡ್ಡೆ ಕೈಗೆ ಸಿಗುವ ಮುಂಚೆಯೇ ಅಲ್ಲಿ ಬೇರೆ ಬೇರೆ ಮ್ಯುಟೇಶನ್, ಅಂದರೆ ಡಿಎನ್‌ಎಯಲ್ಲಾದ ಬದಲಾವಣೆ, ಹೊತ್ತ ಕೋಶಗಳ ಗುಂಪುಗಳು ಇರುತ್ತವೆ. ಎಷ್ಟು ಗುಂಪು, ಯಾವುದರ ಪಾಲು ಎಷ್ಟು ಎಂಬುದು ಗಣಿತದ ಪ್ರಶ್ನೆ. ಆ ಲೆಕ್ಕವನ್ನು ಸ್ವಂತವಾಗಿ ಕಟ್ಟಿ, ಅದು ಸರಿಯಿದೆಯೇ ಎಂದು ಪರೀಕ್ಷಿಸುವ ದಾರಿ ಇಲ್ಲಿದೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಎಂ.ಎಸ್ಸಿ. ಪ್ರಾಜೆಕ್ಟಿಗೂ ಆದೀತು, ಪದವಿ ಕಾಲೇಜಿನ ಗಣಿತ ವಿಭಾಗಕ್ಕೂ ಆದೀತು.

ಬೇಕಾದದ್ದು ಇಷ್ಟೇ: ಪೈಥಾನ್ ಹಾಕಿದ ಸಾಧಾರಣ ಲ್ಯಾಪ್‌ಟಾಪ್, ನಂಪೈ ಲೈಬ್ರರಿ, ಸಂಭವನೀಯತೆಯ ಪ್ರಾಥಮಿಕ ಪರಿಚಯ. ಇದು ರೋಗ ಪತ್ತೆಯ ಸಾಧನವಲ್ಲ. ಬಾಯಲ್ಲಿ ಬಿಳಿ ಮಚ್ಚೆ ಕಂಡವರು ಲೆಕ್ಕ ಹಾಕುತ್ತ ಕೂರದೆ ವೈದ್ಯರಿಗೆ ತೋರಿಸಬೇಕು.

ಮೊದಲು ಕಾಗದದ ಮೇಲೆ

ಕೋಡ್ ಬರೆಯುವ ಮುಂಚೆ ಮೂರು ಸಂಖ್ಯೆಗಳನ್ನು ನಿಗದಿ ಮಾಡಿಕೊಳ್ಳಿ. ಒಂದು, ಹುಟ್ಟಿನ ದರ: ಒಂದು ಕೋಶ ಒಂದು ಕಾಲಮಾನದಲ್ಲಿ ಎಷ್ಟು ಸಲ ಎರಡಾಗುತ್ತದೆ. ಇದನ್ನು 1 ಎಂದೇ ಇಟ್ಟುಕೊಳ್ಳಿ, ಉಳಿದದ್ದೆಲ್ಲ ಅದಕ್ಕೆ ಹೋಲಿಸಿ ಹೇಳಿದರಾಯಿತು. ಎರಡು, ಸಾವಿನ ದರ: 0, 0.5, 0.9 ಈ ಮೂರು ಬೆಲೆಗಳು ಸಾಕು. ಮೂರು, ಮ್ಯೂ: ಒಂದು ವಿಭಜನೆಯಲ್ಲಿ ಪ್ರತಿ ಮರಿಕೋಶಕ್ಕೆ ಸರಾಸರಿ ಎಷ್ಟು ಹೊಸ ಮ್ಯುಟೇಶನ್ ಸೇರುತ್ತದೆ. ಸದ್ಯಕ್ಕೆ 1.

ಮೂರನೆಯದರಲ್ಲಿ ‘ಪ್ರತಿ ಮರಿಕೋಶಕ್ಕೆ’ ಎಂಬುದಕ್ಕೆ ಕೆಂಪು ಗೆರೆ ಎಳೆಯಿರಿ. ಕೆಲವು ಪ್ರಬಂಧಗಳಲ್ಲಿ ಮ್ಯೂ ಎಂದರೆ ಒಂದು ವಿಭಜನೆಗೆ, ಕೆಲವೆಡೆ ಒಂದು ಮರಿಕೋಶಕ್ಕೆ, ಮತ್ತೆ ಕೆಲವೆಡೆ ಡಿಎನ್‌ಎಯ ಒಂದೊಂದು ಅಕ್ಷರಕ್ಕೆ. ಇಬ್ಬರ ಫಲಿತಾಂಶ ಸರಿಯಾಗಿ ಎರಡು ಪಟ್ಟು ಬೇರೆಯಾಗಿದ್ದರೆ ಹತ್ತರಲ್ಲಿ ಒಂಬತ್ತು ಸಲ ಕಾರಣ ಇದೇ.

ಮ್ಯೂ 1 ಎನ್ನುವುದು ತೀರ ಕಾಲ್ಪನಿಕ ಸಂಖ್ಯೆಯಲ್ಲ. ದೇಹದ ಒಂದು ಕೋಶದಲ್ಲಿ ಡಿಎನ್‌ಎ ಅಕ್ಷರಗಳು ಎರಡು ಪ್ರತಿ ಸೇರಿ ಸುಮಾರು 600 ಕೋಟಿ. ಒಂದು ವಿಭಜನೆಯಲ್ಲಿ ನೂರು ಕೋಟಿ ಅಕ್ಷರಕ್ಕೆ ಒಂದು ತಪ್ಪು ಎಂದು ಹಿಡಿದರೆ ಇಡೀ ಜೀನೋಮಿಗೆ 6 ಮ್ಯುಟೇಶನ್. ತಪ್ಪಿನ ದರ ಅದರ ಹತ್ತರಲ್ಲೊಂದಾದರೆ 0.6. ಪ್ರೋಟೀನ್ ಬರೆಯುವ ಭಾಗ, ಅಂದರೆ ಎಕ್ಸೋಮ್, ಮಾತ್ರ ಓದಿದರೆ ಅಕ್ಷರಗಳು ಎರಡು ಪ್ರತಿ ಸೇರಿ ಸುಮಾರು 6 ಕೋಟಿ. ಆಗ ಮ್ಯೂ 0.06ಕ್ಕೋ ಅದಕ್ಕಿಂತ ಕೆಳಗೋ ಇಳಿಯುತ್ತದೆ. ಎಕ್ಸೋಮ್ ಮಾಹಿತಿ ಹಿಡಿದುಕೊಂಡು ಈ ಲೆಕ್ಕ ಮಾಡಹೊರಟವರಿಗೆ ಎಣಿಸಲು ಮ್ಯುಟೇಶನ್ನೇ ಸಿಗದಿರುವುದು ಇದರಿಂದಲೇ.

ಗಡ್ಡೆಯನ್ನು 10,000 ಕೋಶಕ್ಕೆ ನಿಲ್ಲಿಸೋಣ. ಒಂದು ಘನ ಸೆಂಟಿಮೀಟರಿಗೆ ನೂರು ಕೋಟಿ ಕೋಶ ಎಂಬ ರೂಢಿಯ ಅಂದಾಜಿನಲ್ಲಿ ಇದರ ಅಗಲ 0.2 ಮಿಲಿಮೀಟರಿನಷ್ಟು. ಯಾವ ಸ್ಕ್ಯಾನಿಗೂ ಕಾಣುವುದಿಲ್ಲ. ಚಿಕ್ಕದಾಯಿತು ಎನ್ನಿಸಬಹುದು, ಆದರೆ ಮುಂದೆ ದೊಡ್ಡ ಪಾಲು ಪಡೆಯುವ ಮ್ಯುಟೇಶನ್‌ಗಳು ಹುಟ್ಟುವುದೇ ಕೋಶಗಳ ಸಂಖ್ಯೆ ಹತ್ತು, ಇಪ್ಪತ್ತು, ನೂರು ಇರುವಾಗ.

ಕೋಶಗಳ ವಂಶಾವಳಿ

ಹೊಸಬರು ಸಾಮಾನ್ಯವಾಗಿ ಪ್ರತಿ ಕೋಶಕ್ಕೂ ಒಂದು ಮ್ಯುಟೇಶನ್ ಪಟ್ಟಿ ಕೊಟ್ಟು, ವಿಭಜನೆಯಾದಾಗಲೆಲ್ಲ ಪಟ್ಟಿಯನ್ನು ನಕಲು ಮಾಡುತ್ತ ಹೋಗುತ್ತಾರೆ. ಸಾವಿನ ದರ 0.9 ಇಟ್ಟ ತಕ್ಷಣ ಪಟ್ಟಿಗಳು ಉದ್ದವಾಗಿ ಮೆಮೊರಿ ತುಂಬಿ ಯಂತ್ರ ತೆವಳತೊಡಗುತ್ತದೆ. ನಕಲು ಬೇಡ. ಹುಟ್ಟಿದ ಪ್ರತಿ ಕೋಶಕ್ಕೂ ಒಂದು ಕ್ರಮಸಂಖ್ಯೆ ಕೊಟ್ಟು, ತಾಯಿ ಯಾರು, ಹೊಸದಾಗಿ ಬಂದ ಮ್ಯುಟೇಶನ್ ಎಷ್ಟು ಎಂಬ ಎರಡೇ ವಿಷಯ ಬರೆದಿಡಿ. ಈಗ ಬದುಕಿರುವ ಕೋಶಗಳ ಸಂಖ್ಯೆಗಳು ಬೇರೊಂದು ಪಟ್ಟಿಯಲ್ಲಿರಲಿ.

ಒಂದು ಪುಟ್ಟ ಉದಾಹರಣೆ ಕೈಯಲ್ಲೇ ಮಾಡಿ. ಕೋಶ 0 ಒಡೆದು 1, 2 ಆಯಿತು. ಕೋಶ 2 ಒಡೆದು 3, 4 ಆಯಿತು. ಬದುಕಿರುವವು 1, 3, 4. ಇವುಗಳ ಮುಂದೆ 1 ಎಂದೂ, 0 ಮತ್ತು 2ರ ಮುಂದೆ ಸೊನ್ನೆ ಎಂದೂ ಬರೆಯಿರಿ. ಈಗ ಕೊನೆಯಿಂದ ಹಿಂದಕ್ಕೆ ಬನ್ನಿ. 4ರ ಎದುರಿನ 1ನ್ನು ತಾಯಿ 2ಕ್ಕೆ ಕೂಡಿಸಿ. 3ರದನ್ನೂ 2ಕ್ಕೆ ಕೂಡಿಸಿ. 2ರ ಮುಂದೆ ಈಗ 2. ಅದನ್ನು ತಾಯಿ 0ಗೆ ಕೂಡಿಸಿ, 1ರದನ್ನೂ 0ಗೆ ಕೂಡಿಸಿ, ಮೊತ್ತ 3. ಕೋಶ 2 ಹುಟ್ಟುವಾಗ ಬಂದ ಮ್ಯುಟೇಶನ್ ಇಂದು ಮೂರರಲ್ಲಿ ಎರಡು ಕೋಶಗಳಲ್ಲಿದೆ ಎಂದು ತಿಳಿಯಿತು. ಮರಿಯ ಕ್ರಮಸಂಖ್ಯೆ ತಾಯಿಯದಕ್ಕಿಂತ ಯಾವಾಗಲೂ ದೊಡ್ಡದಾದ್ದರಿಂದ ಹಿಂದಿನಿಂದ ಒಂದೇ ಸಲ ಬಂದರೆ ಇಡೀ ವಂಶಾವಳಿಯ ಲೆಕ್ಕ ಮುಗಿಯುತ್ತದೆ. ಸಾವಿಲ್ಲದ 10,000 ಕೋಶದ ಗಡ್ಡೆಯಲ್ಲಿ ದಾಖಲೆಗಳು ಸರಿಯಾಗಿ 19,999 ಇರಬೇಕು. ಒಂದು ಹೆಚ್ಚುಕಡಿಮೆ ಇದ್ದರೂ ಎಲ್ಲೋ ಎಡವಿದ್ದೀರಿ.

ಓಡಿಸುವ ಕ್ರಮ

ಬದುಕಿರುವ ಪಟ್ಟಿಯಿಂದ ಒಂದು ಕೋಶವನ್ನು ಲಾಟರಿಯಂತೆ ಎತ್ತಿ. ಹುಟ್ಟು ÷ (ಹುಟ್ಟು + ಸಾವು) ಎಂಬ ಸಂಭವನೀಯತೆಯಲ್ಲಿ ಅದು ಎರಡಾಗುತ್ತದೆ, ಇಲ್ಲವಾದರೆ ಸಾಯುತ್ತದೆ. ಎರಡಾದರೆ ಇಬ್ಬರೂ ಮರಿಗಳಿಗೆ ಸರಾಸರಿ ಮ್ಯೂ ಇರುವ ಪಾಸೋನ್ ಹಂಚಿಕೆಯಿಂದ ಬೇರೆ ಬೇರೆಯಾಗಿ ಮ್ಯುಟೇಶನ್ ಸಂಖ್ಯೆ ಆರಿಸಿ ದಾಖಲಿಸಿ. ಪಟ್ಟಿ 10,000 ಮುಟ್ಟಿದಾಗ ನಿಲ್ಲಿಸಿ. ಖಾಲಿಯಾದರೆ ಮೊದಲಿನಿಂದ ಶುರು ಮಾಡಿ, ಆದರೆ ಎಷ್ಟು ಸಲ ಖಾಲಿಯಾಯಿತು ಎಂಬುದನ್ನು ಎಣಿಸಿಟ್ಟುಕೊಳ್ಳಿ.

ಸತ್ತ ಕೋಶವನ್ನು ಪಟ್ಟಿಯ ನಡುವಿನಿಂದ ಕಿತ್ತು ಹಾಕಬೇಡಿ, ಅದರ ನಂತರದ್ದೆಲ್ಲ ಒಂದೊಂದು ಜಾಗ ಸರಿಯಬೇಕಾಗಿ ಕೆಲಸ ನಿಧಾನವಾಗುತ್ತದೆ. ಪಟ್ಟಿಯ ಕೊನೆಯ ಕೋಶವನ್ನು ಆ ಜಾಗಕ್ಕೆ ತಂದು ಕೂರಿಸಿ ಕೊನೆಯದನ್ನು ಅಳಿಸಿದರೆ ಸಾಕು. ಕಾಲ ಎಷ್ಟಾಯಿತು ಎಂಬ ಲೆಕ್ಕ ಇಲ್ಲಿ ಬೇಕಿಲ್ಲ.

ಒಂದು ಓಟದಿಂದ ಏನನ್ನೂ ಹೇಳಲಾಗದು. ಮೊದಲ ಎರಡು ಮರಿಗಳಲ್ಲಿ ಒಂದು ಬೇಗ ಒಡೆದರೆ ಇಡೀ ಗಡ್ಡೆಯ ಮುಕ್ಕಾಲು ಪಾಲು ಅದರ ಸಂತತಿಯೇ ಆಗಿಬಿಡಬಹುದು. ಕನಿಷ್ಠ 200 ಓಟಗಳ ಸರಾಸರಿ ತೆಗೆಯಿರಿ. ಪ್ರತಿ ಓಟದ ಬೀಜಸಂಖ್ಯೆಯನ್ನು, ಅಂದರೆ ಯಾದೃಚ್ಛಿಕ ಸಂಖ್ಯೆಗಳ ಆರಂಭದ ಅಂಕಿಯನ್ನು, ಫಲಿತಾಂಶದ ಪಕ್ಕದಲ್ಲೇ ಬರೆಸಿ, ಓಟ ಮುಗಿದ ಹಾಗೆ ಹಾಗೇ ಫೈಲಿಗೆ ಸೇರಿಸುತ್ತ ಹೋಗಿ. ಮಳೆಗಾಲದಲ್ಲಿ ಆಗುಂಬೆ, ತೀರ್ಥಹಳ್ಳಿ ಕಡೆ ಕರೆಂಟಿನ ಮೇಲೆ ಭರವಸೆ ಇಟ್ಟು ಎಲ್ಲವನ್ನೂ ಕೊನೆಗೊಮ್ಮೆ ಉಳಿಸುತ್ತೇನೆ ಎನ್ನುವುದು ಬುದ್ಧಿವಂತಿಕೆಯಲ್ಲ.

ಹದಿನೆಂಟು ಬರಬೇಕು

ಸಾವು 0, ಮ್ಯೂ 1. ಶೇಕಡ 10 ಅಥವಾ ಹೆಚ್ಚು ಕೋಶಗಳಲ್ಲಿರುವ, ಆದರೆ ಎಲ್ಲ ಕೋಶಗಳಲ್ಲೂ ಇಲ್ಲದ ಮ್ಯುಟೇಶನ್ ಎಷ್ಟು ಎಂದು ಎಣಿಸಿ. ಸರಾಸರಿ 18 ಬರಬೇಕು. ಸೂತ್ರ ಇಷ್ಟೇ:

ಎಣಿಕೆ = 2 × ಮ್ಯೂ × (1/ಪಾಲು − 1)

ಪಾಲು 0.1 ಆದರೆ 2 × 9 = 18. ಪಾಲು 0.25ಕ್ಕೆ 6, 0.05ಕ್ಕೆ 38. ಸಾವಿಲ್ಲದ ಬೆಳವಣಿಗೆಗೆ ಇದು ಅಂದಾಜಲ್ಲ, ನಿಖರವಾದ ಸರಾಸರಿ. ಹಾಗಾಗಿ ಕೋಡಿನ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಅಳತೆಗೋಲು ಇಲ್ಲ. ಜಾಡು ಹೀಗಿದೆ: ಗಡ್ಡೆ ನೂರು ಕೋಶ ಇದ್ದಾಗ ಹುಟ್ಟಿದ ಮ್ಯುಟೇಶನ್ನಿನ ಪಾಲು ಶೇಕಡ 1ರ ಆಸುಪಾಸಿನಲ್ಲೇ ಕೊನೆಯವರೆಗೂ ಉಳಿಯುತ್ತದೆ, ಏಕೆಂದರೆ ಎಲ್ಲ ಸಂತತಿಗಳೂ ಒಂದೇ ವೇಗದಲ್ಲಿ ಬೆಳೆಯುತ್ತವೆ. ಸಣ್ಣ ಪಾಲಿನವು ತಡವಾಗಿ ಹುಟ್ಟಿದವು. ತಡವಾದಷ್ಟೂ ಒಡೆಯುವ ಕೋಶಗಳು ಹೆಚ್ಚು, ಆದ್ದರಿಂದ ಅವುಗಳ ಸಂಖ್ಯೆಯೂ ಹೆಚ್ಚು.

18ರ ಬದಲು 9 ಬಂದರೆ ಒಂದೇ ಮರಿಗೆ ಮ್ಯುಟೇಶನ್ ಕೊಟ್ಟಿದ್ದೀರಿ. 8 ಬಂದರೆ ಕೋಶಗಳ ಪಾಲನ್ನೂ ಡಿಎನ್‌ಎ ಪ್ರತಿಗಳ ಪಾಲನ್ನೂ ಬೆರೆಸಿದ್ದೀರಿ. ಕೋಶದಲ್ಲಿ ಪ್ರತಿ ಜೀನಿಗೂ ಎರಡು ಪ್ರತಿ ಇದ್ದು ಮ್ಯುಟೇಶನ್ ಒಂದರಲ್ಲಿ ಮಾತ್ರ ಇರುವುದರಿಂದ ಶೇಕಡ 20 ಕೋಶಗಳಲ್ಲಿರುವುದು ಸೀಕ್ವೆನ್ಸಿಂಗ್ (ಯಂತ್ರದಿಂದ ಡಿಎನ್‌ಎ ಅಕ್ಷರಗಳನ್ನು ಓದುವುದು) ವರದಿಯಲ್ಲಿ ಶೇಕಡ 10 ಎಂದು ಕಾಣುತ್ತದೆ. 9 ಮತ್ತು 8 ಹತ್ತಿರದವಾದ್ದರಿಂದ ಯಾವ ತಪ್ಪು ಎಂದು ಗೊಂದಲವಾಗಬಹುದು. ಆಗ 0.25ರಲ್ಲಿ ನೋಡಿ: ಸರಿ ಇದ್ದರೆ 6, ಮೊದಲ ತಪ್ಪಿಗೆ 3, ಎರಡನೆಯದಕ್ಕೆ 2.

ಸಾವಿನ ಭಾಗದ ಪರೀಕ್ಷೆ ಇನ್ನೂ ಸುಲಭ. ಒಂದೇ ಕೋಶದಿಂದ ಶುರುವಾದ ಸಂತತಿ ನಶಿಸಿ ಹೋಗುವ ಸಂಭವನೀಯತೆ ಸಾವು ÷ ಹುಟ್ಟು. ಸಾವು 0.5 ಇಟ್ಟು 1,000 ಸಲ ಶುರು ಮಾಡಿದರೆ ಸುಮಾರು 500 ಸಲ ಪಟ್ಟಿ ಖಾಲಿಯಾಗಬೇಕು; 470ರಿಂದ 530ರೊಳಗೆ ಬಂದರೆ ಆತಂಕವಿಲ್ಲ. 0.9 ಇಟ್ಟರೆ ಹತ್ತರಲ್ಲಿ ಒಂಬತ್ತು ಗಡ್ಡೆಗಳು ಹುಟ್ಟುತ್ತಲೇ ಅಳಿಯುತ್ತವೆ. ಅದು ಕೋಡಿನ ದೋಷವಲ್ಲ.

ಒಂದೇ ಗಾತ್ರ, ಹತ್ತು ಪಟ್ಟು ವೈವಿಧ್ಯ

ಈಗ ಮೂರು ಸಾವಿನ ದರಗಳಿಗೂ ಅದೇ ಎಣಿಕೆ ಮಾಡಿ. ಗಾತ್ರ ಎಲ್ಲದರಲ್ಲೂ 10,000 ಕೋಶವೇ, ಮ್ಯೂ 1 ಆಗಿಯೇ ಇರುತ್ತದೆ. ಶೇಕಡ 10ಕ್ಕಿಂತ ಮೇಲಿನ ಮ್ಯುಟೇಶನ್‌ಗಳು ಕ್ರಮವಾಗಿ 18, 36, 180ರ ಸುತ್ತ ಬರುತ್ತವೆ. ಸೂತ್ರಕ್ಕೆ 1 ÷ (1 − ಸಾವು/ಹುಟ್ಟು) ಎಂಬ ಗುಣಕ ಸೇರಿತು, ಅಷ್ಟೇ. ಕಾರಣ ವಿಭಜನೆಗಳ ಲೆಕ್ಕದಲ್ಲಿದೆ. ಸಾವಿಲ್ಲದಿದ್ದರೆ 9,999 ವಿಭಜನೆಗೆ ಗಡ್ಡೆ ತಯಾರು. ಹತ್ತು ಹುಟ್ಟಿಗೆ ಒಂಬತ್ತು ಸಾಯುತ್ತಿದ್ದರೆ ಅದೇ ಗಾತ್ರ ತಲುಪಲು ಸುಮಾರು ಒಂದು ಲಕ್ಷ ವಿಭಜನೆ ಬೇಕು, ಪ್ರತಿ ವಿಭಜನೆಯೂ ಹೊಸ ಮ್ಯುಟೇಶನ್ನಿಗೆ ಅವಕಾಶ. ಗಡ್ಡೆಯ ಗಾತ್ರ ನೋಡಿ ಒಳಗಿನ ವೈವಿಧ್ಯ ಹೇಳಲು ಹೋದವರು ಎಡವುವುದು ಇಲ್ಲಿಯೇ. ಚಿಕ್ಕದಾಗಿ, ವರ್ಷಗಟ್ಟಲೆ ಹಾಗೇ ಇರುವಂತೆ ಕಾಣುವ ಮಚ್ಚೆಯೊಳಗೆ ಹುಟ್ಟು–ಸಾವು ಎರಡೂ ಜೋರಾಗಿದ್ದರೆ ವೈವಿಧ್ಯ ಬಹಳ ಇರಬಹುದು.

ಇದರ ಮಗ್ಗುಲಲ್ಲೇ ಒಂದು ತೊಡಕಿದೆ, ಅದನ್ನು ಬಚ್ಚಿಡಬಾರದು. ಮ್ಯೂ 1, ಸಾವು 0.9 ಇಟ್ಟರೂ 180; ಮ್ಯೂ 10, ಸಾವು 0 ಇಟ್ಟರೂ 180. ಒಂದು ಸಮಯದಲ್ಲಿ ತೆಗೆದ ಒಂದು ಮಾದರಿಯಿಂದ ಇವೆರಡನ್ನು ಬೇರ್ಪಡಿಸಲು ಆಗದು, ಸಿಗುವುದು ಅವುಗಳ ಅನುಪಾತ ಮಾತ್ರ. 2016ರಲ್ಲಿ ಮಾರ್ಕ್ ವಿಲಿಯಮ್ಸ್, ಟ್ರೆವರ್ ಗ್ರಹಾಂ, ಆಂಡ್ರಿಯಾ ಸೊಟ್ಟೊರಿವಾ ಮತ್ತು ಸಂಗಡಿಗರು ನಿಜವಾದ ಗಡ್ಡೆಗಳ ಮೇಲೆ ಇದೇ ಬಗೆಯ ಸರಳರೇಖೆಯನ್ನು, 1/ಪಾಲಿನ ಎದುರು ಒಟ್ಟು ಎಣಿಕೆಯನ್ನು, ಹೊಂದಿಸಿ ನೋಡಿದಾಗ ಅವರಿಗೆ ಸಿಕ್ಕಿದ್ದೂ ಅನುಪಾತವೇ. ರೇಖೆ ನೆಟ್ಟಗೆ ಬಂದ ಮಾತ್ರಕ್ಕೆ ಗಡ್ಡೆಯಲ್ಲಿ ಯಾವ ಕೋಶಕ್ಕೂ ಹೆಚ್ಚುಗಾರಿಕೆ ಇಲ್ಲ ಎನ್ನಲಾಗದು ಎಂಬ ಆಕ್ಷೇಪ ಆಮೇಲೆ ಬಂತು. ಆಕ್ಷೇಪ ನ್ಯಾಯವಾದದ್ದೇ, ಮುಂದಿನ ಹಂತದಲ್ಲಿ ನೀವೇ ನೋಡುತ್ತೀರಿ.

ವೈವಿಧ್ಯವನ್ನು ಒಂದೇ ಅಂಕಿಯಲ್ಲಿ ಹೇಳಬೇಕಾದರೆ ಪರಿಸರ ವಿಜ್ಞಾನದವರು ಬಳಸುವ ಸಿಂಪ್ಸನ್ ಸೂಚ್ಯಂಕ ಸಾಕು: ಲಾಟರಿಯಲ್ಲಿ ಎತ್ತಿದ ಎರಡು ಕೋಶಗಳು ಬೇರೆ ಬಗೆಯವಾಗಿರುವ ಸಂಭವನೀಯತೆ. ಮೂರು ಬಗೆಗಳು 60, 30, 10 ಶೇಕಡ ಇದ್ದರೆ 1 − (0.36 + 0.09 + 0.01) = 0.54. ಒಂದೊಂದು ಮ್ಯುಟೇಶನ್ನಿಗೂ ಒಂದೊಂದು ಬಗೆ ಎಂದು ಮಾಡಿದರೆ ಸೂಚ್ಯಂಕ 1ಕ್ಕೆ ಅಂಟಿಕೊಂಡು ಏನೂ ಹೇಳುವುದಿಲ್ಲ. ಶೇಕಡ 5ಕ್ಕಿಂತ ಮೇಲಿನ ಮ್ಯುಟೇಶನ್‌ಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡು ಬಗೆಗಳನ್ನು ವಿಂಗಡಿಸಿ. ಇಂಥ ಅಂಕಿಗಳಿಗೆ ಆಸ್ಪತ್ರೆಯಲ್ಲೂ ಬೆಲೆಯಿದೆ: ಅನ್ನನಾಳದ ಬ್ಯಾರೆಟ್ ಎಂಬ ಕ್ಯಾನ್ಸರ್‌ಪೂರ್ವ ಸ್ಥಿತಿಯಲ್ಲಿ ವೈವಿಧ್ಯ ಹೆಚ್ಚಿದ್ದವರಿಗೆ ಮುಂದೆ ಕ್ಯಾನ್ಸರ್ ಬರುವ ಸಾಧ್ಯತೆ ಹೆಚ್ಚು ಎಂದು ಕಾರ್ಲೋ ಮೇಲಿ ಮತ್ತು ಸಂಗಡಿಗರು 2006ರಲ್ಲಿ ತೋರಿಸಿದರು.

ಡ್ರೈವರ್ ಮ್ಯುಟೇಶನ್ ಸೇರಿಸುವಾಗ

ಈವರೆಗಿನ ಮ್ಯುಟೇಶನ್‌ಗಳೆಲ್ಲ ಸುಮ್ಮನೆ ಜೊತೆಗೆ ಬಂದವು. ಬೆಳವಣಿಗೆಯನ್ನೇ ಚುರುಕುಗೊಳಿಸುವ ಮ್ಯುಟೇಶನ್‌ಗಳಿಗೆ ಡ್ರೈವರ್ ಎನ್ನುತ್ತಾರೆ. ಅಂಥ ಕೋಶದ ಹುಟ್ಟಿನ ದರವನ್ನು 1.5 ಮಾಡೋಣ. ಇಲ್ಲಿ ಒಂದು ಮೋಸದ ಜಾಗವಿದೆ. ಕೋಶವನ್ನು ಹಿಂದಿನಂತೆಯೇ ಸಮಾನವಾಗಿ ಎತ್ತಿ, ಒಡೆಯುವ ಸಂಭವನೀಯತೆಯನ್ನು ಮಾತ್ರ ಬದಲಿಸಿದರೆ, ಸಾವು 0 ಇರುವಾಗ ಡ್ರೈವರ್‌ಗೆ ಯಾವ ಲಾಭವೂ ಸಿಗುವುದಿಲ್ಲ; ಎತ್ತಿದ ಕೋಶ ಹೇಗೂ ಒಡೆಯುತ್ತದೆ. ಲಾಭ ಇರಬೇಕಾದದ್ದು ಎತ್ತುವುದರಲ್ಲೇ. ಸಮಾನವಾಗಿ ಎತ್ತಿದ ನಂತರ ಆ ಕೋಶದ ಒಟ್ಟು ದರವನ್ನು (ಹುಟ್ಟು + ಸಾವು) ಗಡ್ಡೆಯಲ್ಲಿರುವ ಅತಿ ಹೆಚ್ಚು ಒಟ್ಟು ದರದಿಂದ ಭಾಗಿಸಿ, ಬಂದ ಸಂಭವನೀಯತೆಯಲ್ಲಿ ಒಪ್ಪಿಕೊಳ್ಳಿ. ಒಪ್ಪದಿದ್ದರೆ ಬಿಟ್ಟು ಮತ್ತೊಂದನ್ನು ಎತ್ತಿ.

ಗಡ್ಡೆ 100 ಕೋಶ ಇದ್ದಾಗ ಒಂದು ಕೋಶದಲ್ಲಿ ಈ ಡ್ರೈವರ್ ಹುಟ್ಟಿತು ಎಂದುಕೊಳ್ಳಿ. 10,000 ಮುಟ್ಟುವ ಹೊತ್ತಿಗೆ ಅದರ ಸಂತತಿಯ ಪಾಲು ಸರಾಸರಿ ಶೇಕಡ 9ರ ಆಸುಪಾಸು. 1,000 ಕೋಶ ಇದ್ದಾಗ ಹುಟ್ಟಿದರೆ ಶೇಕಡ 0.3. ಬೆಳವಣಿಗೆಯ ದರವನ್ನು ಒಂದೂವರೆ ಪಟ್ಟು ಮಾಡುವ ಡ್ರೈವರ್ ಕೂಡ ತಡವಾಗಿ ಬಂದರೆ ಅಳತೆಗೆ ಸಿಗುವುದಿಲ್ಲ. ರೇಖೆ ನೆಟ್ಟಗೇ ಇರುತ್ತದೆ. ನಿಜವಾದ ಲಾಭವಂತೂ ಇನ್ನೂ ಚಿಕ್ಕದು: ಐವಾನಾ ಬೋಜಿಕ್ ಮತ್ತು ಸಂಗಡಿಗರು 2010ರಲ್ಲಿ ಒಂದು ಡ್ರೈವರ್‌ನಿಂದ ಸಿಗುವ ಲಾಭ ಸರಾಸರಿ ಶೇಕಡ 0.4 ಎಂದು ಅಂದಾಜಿಸಿದ್ದಾರೆ. ಚಿತ್ರ ಚೆನ್ನಾಗಿ ಕಾಣಲಿ ಎಂದು ಲಾಭವನ್ನು ಬೇಕಾದಷ್ಟು ಏರಿಸಿ, ಕೊನೆಗೆ ‘ಡ್ರೈವರ್ ಗೆದ್ದಿತು’ ಎಂದು ಬರೆಯುವ ಪ್ರಾಜೆಕ್ಟ್ ವರದಿಗಳಿಗೆ ಅಂಕ ಕೊಡಬಾರದು.

ಗಡ್ಡೆ ಬೆಳೆಯಲು ಶುರುವಾಗುವ ಮುಂಚಿನ ಸ್ಥಿತಿ ಬೇರೆ. ಆಗ ಅಂಗಾಂಶದಲ್ಲಿ ಕಾಂಡಕೋಶಗಳ ಸಂಖ್ಯೆ ಸ್ಥಿರ, ಒಂದು ಒಡೆದರೆ ಇನ್ನೊಂದು ಜಾಗ ಬಿಡಬೇಕು. ಇದಕ್ಕೆ ಪಿ. ಎ. ಪಿ. ಮೊರಾನ್ 1958ರಲ್ಲಿ ಕೊಟ್ಟ ಮಾದರಿ ಸರಿಹೊಂದುತ್ತದೆ: ಪ್ರತಿ ಹೆಜ್ಜೆಗೆ ದರಕ್ಕೆ ತಕ್ಕಂತೆ ಒಂದನ್ನು ಒಡೆಯಲು ಆರಿಸಿ, ಸಮಾನವಾಗಿ ಒಂದನ್ನು ತೆಗೆಯಿರಿ. ಹತ್ತು ಕೋಶಗಳ ಗುಂಪಿನಲ್ಲಿ ಲಾಭವೂ ನಷ್ಟವೂ ಇಲ್ಲದ ಮ್ಯುಟೇಶನ್ ಇಡೀ ಗುಂಪನ್ನು ಆವರಿಸುವ ಸಾಧ್ಯತೆ ಶೇಕಡ 10. ಶೇಕಡ 10 ಲಾಭ ಕೊಡುವುದಕ್ಕೆ 14.8. ಶೇಕಡ 10 ನಷ್ಟ ತರುವುದಕ್ಕೂ 5.9! ನೂರು ಕೋಶಗಳ ಗುಂಪಿನಲ್ಲಾದರೆ ಈ ಸಂಖ್ಯೆಗಳು ಕ್ರಮವಾಗಿ ಶೇಕಡ 1, ಶೇಕಡ 9.1, ಹತ್ತು ಲಕ್ಷಕ್ಕೆ 3. ಗುಂಪು ಚಿಕ್ಕದಿದ್ದರೆ ಅದೃಷ್ಟದ್ದೇ ಆಟ. ನಿಮ್ಮ ಮೊರಾನ್ ಕೋಡಿನಲ್ಲಿ ಈ ಆರು ಸಂಖ್ಯೆಗಳಲ್ಲಿ ಮೊದಲ ಐದು ಬಂದರೆ ಸಾಕು. ಆರನೆಯದನ್ನು ಎಣಿಸಿ ನೋಡಲು ಕೋಟಿಗಟ್ಟಲೆ ಓಟ ಬೇಕಾಗುತ್ತದೆ.

ಮಾದರಿ ತೆಗೆಯುವುದು, ಓದುವುದು

ಸಿಮ್ಯುಲೇಶನ್ನಿನಲ್ಲಿ ಪ್ರತಿ ಕೋಶವೂ ಕಾಣುತ್ತದೆ. ನಿಜದಲ್ಲಿ ಕಾಣುವುದು ಬಯಾಪ್ಸಿಯ ಚೂರು, ಅದರಲ್ಲೂ ಒಂದೊಂದು ಜಾಗಕ್ಕೆ ನೂರರಷ್ಟು ಓದುಗಳು. ಹೋಲಿಸುವ ಮುಂಚೆ ನಿಮ್ಮ ಗಡ್ಡೆಯನ್ನೂ ಹಾಗೇ ಓದಿಸಿ: ಪ್ರತಿ ಮ್ಯುಟೇಶನ್ನಿಗೂ ಕೋಶಗಳ ಪಾಲಿನ ಅರ್ಧವನ್ನು ಸಂಭವನೀಯತೆಯಾಗಿ ಇಟ್ಟು, 100 ಓದುಗಳ ದ್ವಿಪದ ಹಂಚಿಕೆಯಿಂದ ಒಂದು ಸಂಖ್ಯೆ ಎತ್ತಿ. 5ಕ್ಕಿಂತ ಕಡಿಮೆ ಓದುಗಳಲ್ಲಿ ಕಂಡದ್ದನ್ನು ಕೈಬಿಡಿ, ಅಲ್ಲಿ ಯಂತ್ರದ ತಪ್ಪುಗಳೂ ಬೆರೆತಿರುತ್ತವೆ. ಹೀಗೆ ಮಾಡಿದರೂ ಶೇಕಡ 2 ಪ್ರತಿಗಳಲ್ಲಿ ಮಾತ್ರ ಇರುವ ಮ್ಯುಟೇಶನ್ ನೂರರಲ್ಲಿ ಐದು ಸಲ ಅದೃಷ್ಟದಿಂದ ಗೆರೆ ದಾಟುತ್ತದೆ. ಸಣ್ಣ ಪಾಲಿನವೇ ಸಂಖ್ಯೆಯಲ್ಲಿ ಹೆಚ್ಚಾದ್ದರಿಂದ ಗೆರೆಯ ಆಸುಪಾಸಿನ ಎಣಿಕೆ ಉಬ್ಬುತ್ತದೆ. ಆದ್ದರಿಂದ ಸರಳರೇಖೆಯನ್ನು ಗೆರೆಯಿಂದಲೇ ಶುರು ಮಾಡಬೇಡಿ. ವಿಲಿಯಮ್ಸ್ ತಂಡ ಪ್ರತಿಗಳ ಪಾಲಿನಲ್ಲಿ 0.12ರಿಂದ 0.24ರವರೆಗಿನದನ್ನು ಮಾತ್ರ ತೆಗೆದುಕೊಂಡಿತ್ತು.

ಚೂರಿನಲ್ಲಿ ಗಡ್ಡೆಯ ಕೋಶಗಳ ಜೊತೆ ಸಹಜ ಕೋಶಗಳೂ ಇರುತ್ತವೆ. ಗಡ್ಡೆಯದು ಶೇಕಡ 60 ಮಾತ್ರ ಇದ್ದರೆ, ಗಡ್ಡೆಯ ಎಲ್ಲ ಕೋಶಗಳಲ್ಲಿರುವ ಮ್ಯುಟೇಶನ್ 0.5ರ ಬದಲು 0.3ರಲ್ಲಿ ಕಾಣುತ್ತದೆ. ಇದನ್ನು ಸರಿಪಡಿಸದೆ ಎಣಿಸಿದರೆ ಎಲ್ಲರಲ್ಲಿರುವುದನ್ನೇ ಕೆಲವರದೆಂದು ತಿಳಿದುಬಿಡುತ್ತೀರಿ. ವರ್ಣತಂತುವಿನ ತುಂಡು ಇಮ್ಮಡಿಯಾದ ಅಥವಾ ಕಳೆದುಹೋದ ಜಾಗಗಳನ್ನು ಲೆಕ್ಕದಿಂದಲೇ ಹೊರಗಿಡಿ.

ಚೂರನ್ನು ಎಲ್ಲಿಂದ ತೆಗೆದರು ಎಂಬುದೂ ಮುಖ್ಯ. ಚೇಣಿ ಹಿಡಿಯುವವರು, ಅಂದರೆ ಅಡಿಕೆ ಫಸಲನ್ನು ಗುತ್ತಿಗೆಗೆ ಪಡೆಯುವವರು, ತೋಟದ ಒಂದು ಮೂಲೆಯ ನಾಲ್ಕು ಗೊನೆ ನೋಡಿ ದರ ಮಾತಾಡುವುದಿಲ್ಲ, ಪೂರ್ತಿ ಸುತ್ತು ಹಾಕುತ್ತಾರೆ. ಒಂದೇ ಕಡೆಯ ಚೂರಿನಲ್ಲಿ ಅಕ್ಕಪಕ್ಕದ, ಒಂದೇ ಅಜ್ಜಿಯ ಸಂತತಿಯ ಕೋಶಗಳೇ ಸಿಗುವುದರಿಂದ ಅಲ್ಲಿಯ ಸ್ಥಳೀಯ ಮ್ಯುಟೇಶನ್ ಇಡೀ ಗಡ್ಡೆಯದು ಎಂಬಂತೆ ಕಾಣುತ್ತದೆ.

ಇದನ್ನು ತೋರಿಸಲು ಮಾದರಿಗೆ ಜಾಗದ ಲೆಕ್ಕ ಬೇಕು. ಬಾಯಿಯ ಒಳಪದರ ಹಾಳೆಯಂಥದ್ದಾದ್ದರಿಂದ ಚೌಕಳಿ ಜಾಲದ ಮೇಲೆ ಕೋಶಗಳನ್ನು ಕೂರಿಸಿ. ಜಾಲದ ಪ್ರತಿ ಬದಿ 300 ಮನೆಗಳಾದರೂ ಇರಲಿ, ಇಲ್ಲವಾದರೆ ಅಂಚು ತಾಗಿ ಬೆಳವಣಿಗೆ ಕುಂಟುತ್ತದೆ. ಪಕ್ಕದ ಮನೆ ಖಾಲಿ ಇದ್ದರೆ ಮಾತ್ರ ಒಡೆಯಬಹುದು ಎಂಬ ನಿಯಮ ಹಾಕಿದರೆ ಹೊರ ಅಂಚಿನ ಕೋಶಗಳು ಮಾತ್ರ ಬೆಳೆಯುತ್ತವೆ, ಒಳಗಿನವು ಸುಮ್ಮನಿರುತ್ತವೆ. ಎಲ್ಲ ಕೋಶಗಳೂ ಸಮಾನವಾಗಿ ಒಡೆಯುತ್ತವೆ ಎಂಬ ಆಧಾರವೇ ತಪ್ಪಿಹೋಗುವುದರಿಂದ 18 ಎಂಬ ಉತ್ತರವನ್ನು ಅಲ್ಲಿ ನಿರೀಕ್ಷಿಸಬೇಡಿ, ಅದಕ್ಕಾಗಿ ಕೋಡಿನಲ್ಲಿ ತಪ್ಪು ಹುಡುಕುತ್ತಲೂ ಕೂರಬೇಡಿ. ಜಾಲದ ಕೋಡ್ ಸರಿಯಿದೆಯೇ ಎಂದು ನೋಡಬೇಕಿದ್ದರೆ ನಿಯಮವನ್ನು ಒಮ್ಮೆ ಬದಲಿಸಿ: ಯಾವ ಕೋಶ ಬೇಕಾದರೂ ಒಡೆಯಲಿ, ಜಾಗವಿಲ್ಲದಿದ್ದರೆ ಸಾಲಿನ ಕೋಶಗಳನ್ನು ಹೊರಕ್ಕೆ ತಳ್ಳಲಿ. ಆಗ ವಂಶಾವಳಿ ಮೊದಲಿನಂತೆಯೇ ಆಗಿ 18 ವಾಪಸ್ ಬರಬೇಕು. ಬಂದ ಮೇಲೆ ತಳ್ಳುವ ನಿಯಮ ತೆಗೆದುಹಾಕಿ, ನಾಲ್ಕು ಮೂಲೆಗಳಿಂದ ನಾಲ್ಕು ಚೂರು ತೆಗೆದು ಎಣಿಸಲು ಶುರು ಮಾಡಿ.